ಸುಮ್ನೆ ಹಾಡು ಅಂದರೆ ಆಯಿ ಹಾಡುವುದಿಲ್ಲ

ನಮ್ಮ ಕಡೆ ಮನೆಮಂದಿಯೆಲ್ಲ ಕೂಡಿ ಹಳೆ ಹಾಡು ಹಾಡುತ್ತಾರಂತೆ, ನಿಜವಾ ಅಂತ ಕೇಳಿದ್ದೀರಿ. ನಿಜವೇ. ಆದರೆ ನೀವು ಅಂದುಕೊಂಡ ಹಾಗಲ್ಲ. ಹಾಡಲಿಕ್ಕೆ ಅಂತಲೇ ಇಲ್ಲಿ ಯಾರೂ ಕೂರುವುದಿಲ್ಲ. ಕೆಲಸವೋ ಶಾಸ್ತ್ರವೋ ಏನಾದರೂ ನಡೆದಿರಬೇಕು, ಪದ ಅದರ ಬೆನ್ನಿಗೆ ಬರುತ್ತದೆ.

ನಮ್ಮದು ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲೂಕಿನ ಹಳ್ಳಿ. ಮದುವೆಯಲ್ಲಿ ಸುರಗಿ ಸುತ್ತುವುದನ್ನು ನೋಡಿದ್ದೀರಾ? ನಾಲ್ಕು ಮೂಲೆಗೆ ತಂಬಿಗೆ ಇಟ್ಟು, ನೂಲು ಸುತ್ತಿ, ನಡುವೆ ಮದುಮಕ್ಕಳನ್ನು ಕೂರಿಸಿ ನೀರು ಹಾಕುತ್ತಾರೆ. ಹೊರಗೆ ಬ್ಯಾಂಡಿನವರು ಎಷ್ಟೇ ಬಾರಿಸಲಿ, ಒಳಗೆ ಸೋಬಾನೆ ಪದ ಶುರುವಾಗದೆ ತಂಬಿಗೆ ಮೇಲೇಳುವುದಿಲ್ಲ. ದನಿ ಗಟ್ಟಿ ಇದ್ದ ಇಬ್ಬರು ಮುಂದೆ ಹೇಳುತ್ತಾರೆ, ಉಳಿದವರು ಹಿಂದೆ ಹಿಡಿಯುತ್ತಾರೆ. ಜಾಸ್ತಿ ಇರುವುದು ತ್ರಿಪದಿ, ಮೂರೇ ಸಾಲು. ಎರಡನೇ ಸಾಲಿನ ತುಂಡನ್ನು ಮತ್ತೆ ಹಿಡಿದು ಎಳೆಯುತ್ತಾರೆ. ಹಿಂದಿನವರು ಎಳೆಯುವಷ್ಟರಲ್ಲಿ ಮುಂದಿನವರಿಗೆ ಇನ್ನೊಂದು ಪದ ನೆನಪಾಗಿರುತ್ತದೆ.

ಆಮೇಲೆ ಬೀಗರ ಪದ. ಬೀಗತಿಯ ನಡಿಗೆ, ಅವರು ತಂದ ಸೀರೆ, ಅವರ ಕಡೆಯವರ ಹಸಿವು, ಯಾವುದನ್ನೂ ಬಿಡುವುದಿಲ್ಲ. ಇದನ್ನೇ ಮಾತಿನಲ್ಲಿ ಅಂದರೆ ಸಂಬಂಧ ಮುರಿದೀತು. ಪದದಲ್ಲಿ ಅಂದರೆ ಬೀಗತಿ ಸೆರಗು ಸರಿ ಮಾಡಿಕೊಂಡು ತಿರುಗಿ ಹಾಡುತ್ತಾಳೆ. ನನ್ನ ಮದುವೆಯಲ್ಲಿ ನಮ್ಮ ಚಿಗವ್ವ ಸೋತಳು. ಆಕೆ ಇನ್ನೂ ಒಪ್ಪಿಲ್ಲ.

ಆಷಾಢದ ಮಂಗಳವಾರ ಹುಡುಗಿಯರ ಪಾಲು. ಗುಳ್ಳವ್ವ ಅನ್ನುವ ದೇವಿಯನ್ನು ಮಣ್ಣಿನಲ್ಲಿ ಮಾಡಿ, ಸಂಜೆ ಸುತ್ತ ಕೂತು ಹಾಡುತ್ತಾರೆ. ಯಾರೂ ಕಲಿಸುವುದಿಲ್ಲ, ಅಕ್ಕನ ಬಾಯಿ ನೋಡಿಯೇ ತಂಗಿಗೆ ಬರುತ್ತದೆ.

ಗಂಡಸರದ್ದು ಭಜನೆ. ಏಕತಾರಿ, ದಮ್ಮಡಿ, ತಾಳ, ಜೊತೆಗೊಂದು ಪೇಟಿ (ಹಾರ್ಮೋನಿಯಂಗೆ ನಾವು ಹಾಗೇ ಅನ್ನುವುದು). ಶಿಶುನಾಳ ನಮ್ಮ ತಾಲೂಕಿನದೇ, ಹಾಗಾಗಿ ಷರೀಫರ ಪದ ಇಲ್ಲದೆ ಭಜನೆ ಏಳುವುದಿಲ್ಲ. ಮುಸಲ್ಮಾನರ ಮನೆಯಲ್ಲಿ 1819ರಲ್ಲಿ ಹುಟ್ಟಿದವರು, ಕಳಸದ ಗೋವಿಂದ ಭಟ್ಟರನ್ನು ಗುರು ಅಂದವರು. ಇನ್ನು ಪಂಢರಪುರಕ್ಕೆ ಹೋಗಿ ಬರುವವರು ಮರಾಠಿ ಅಭಂಗ (ವಿಠ್ಠಲನ ಭಕ್ತಿಪದ) ತೆಗೆಯುತ್ತಾರೆ. 1956ರವರೆಗೆ ಈ ಸೀಮೆ ಮುಂಬೈ ರಾಜ್ಯದಲ್ಲೇ ಇತ್ತಲ್ಲ. ನಮ್ಮ ಕಾಕಾನಿಗೆ ಮರಾಠಿಯಲ್ಲಿ ಚಹಾ ಕೇಳಲೂ ಬರುವುದಿಲ್ಲ, ಅಭಂಗ ಮಾತ್ರ ಒಂದಕ್ಷರ ತಪ್ಪುವುದಿಲ್ಲ.

ಪೂರ್ತಿ ಹೋಗಿರುವುದು ಬೀಸುವ ಪದ. ಊರಿಗೆ ಗಿರಣಿ ಬಂತು, ಕಲ್ಲು ಹಿತ್ತಲು ಸೇರಿತು. ಹೋದ ವರ್ಷ ಆಯಿಯ (ಅಜ್ಜಿಗೆ ನಾವು ಹಾಗನ್ನುವುದು) ಮುಂದೆ ಫೋನ್ ಹಿಡಿದು, ಒಂದೆರಡು ಹೇಳು, ರೆಕಾರ್ಡ್ ಮಾಡುತ್ತೇನೆ ಅಂದೆ. ಒಂದು ಸಾಲು ಹೇಳಿ ನಿಂತಳು. ಮತ್ತೆ ಶುರು ಮಾಡಿದಳು, ಮತ್ತೆ ಅಲ್ಲಿಗೇ ನಿಂತಳು.

"ಕೈ ಸುಮ್ನ ಕುಂತ್ರ ಪದ ಹ್ಯಾಂಗ ಬರ್ತಾವೋ ತಮ್ಮಾ? ಕಲ್ಲ ತಾ."

ಹಿತ್ತಲಿನಿಂದ ಬೀಸುಕಲ್ಲು ಹೊತ್ತು ತಂದು ತೊಳೆದು ಇಟ್ಟೆ. ಅವ್ವ ಒಂದು ಸೇರು ಜೋಳ ತಂದಳು. ಗೂಟ ಹಿಡಿದು ನಾಲ್ಕು ಸುತ್ತು ತಿರುವಿದ ಮೇಲೆ ಆಯಿಯ ದನಿ ಎದ್ದಿತು. ಅವ್ವನೂ ಎದುರಿಗೆ ಕೂತು ಕೈ ಹಚ್ಚಿದಳು, ಆಕೆಗೂ ಪದ ಬರುತ್ತವೆ ಅಂತ ನನಗೆ ಅವತ್ತೇ ಗೊತ್ತಾಗಿದ್ದು. 18 ಪದ ಬಂದವು. ಅಷ್ಟರಲ್ಲಿ ಜೋಳ ಮುಗಿಯಿತು.