ಓರೆಯೋ, ಅಡ್ಡವೋ?

ಪ್ರಶ್ನೆ: ಇಂಗ್ಲಿಷಿನ ‘ಡಯಾಗನಲಿ’ ಪದಕ್ಕೆ ‘ಅಡ್ಡವಾಗಿ’ ಎಂದು ಬರೆದರೆ ಸರಿಯೇ?

ಉತ್ತರ: ಸರಿಯಲ್ಲ. ಡಯಾಗನಲಿ ಎಂದರೆ ಓರೆಯಾಗಿ, ಒಂದು ಮೂಲೆಯಿಂದ ಎದುರು ಮೂಲೆಗೆ. ‘ಮೂಲಕ’, ‘ಕೋನ’ ಎಂಬರ್ಥದ ಎರಡು ಗ್ರೀಕ್ ಪದಗಳು ಇದರ ಬೇರು. 10 ಇಂಚಿನ ಚೌಕ ಕರವಸ್ತ್ರವನ್ನು ಹೀಗೆ ಮಡಿಸಿ ನೋಡಿ: ತ್ರಿಕೋನವಾಗುತ್ತದೆ, ಮಡಿಕೆ ಸುಮಾರು 14 ಇಂಚು ಬರುತ್ತದೆ. ಅಡ್ಡ ಮಡಿಸಿದರೆ ಆಯತ, ಮಡಿಕೆ 10 ಇಂಚೇ.

ಹೆಚ್ಚು ಎಡವಟ್ಟಾಗುವುದು ವಿಳಾಸ ಹೇಳುವಾಗ. ನಾಲ್ಕು ರಸ್ತೆ ಕೂಡುವಲ್ಲಿ ಒಂದೇ ರಸ್ತೆ ದಾಟಿದರೆ ಸಿಗುವ ಅಂಗಡಿ ಬರೀ ‘ಆಪೋಸಿಟ್’. ಎರಡು ರಸ್ತೆ ದಾಟಬೇಕಾದ ಎದುರು ಮೂಲೆಯದು ‘ಡಯಾಗನಲಿ ಆಪೋಸಿಟ್’. ಆ ಪದ ಬಿಟ್ಟರೆ ಬಂದವರು ಬೇರೆ ಮೂಲೆಯಲ್ಲಿ ಕಾಯುತ್ತಿರುತ್ತಾರೆ. ಸ್ಪೆಲ್ಲಿಂಗಿನ ಕೊನೆಯಲ್ಲಿ ‘ಎಲ್’ ಎರಡು, ಮರೆಯಬೇಡಿ.