ಹೈಡ್ರೋಜನ್ ವಿಮಾನದ ಎಂಜಿನ್‌ಗೆ ಹೀಟ್ ಎಕ್ಸ್‌ಚೇಂಜರ್ ಯಾಕೆ ಬೇಕು, ಅದರ ಡಿಸೈನ್ ಯಾಕೆ ಅಷ್ಟು ಕಷ್ಟ?

ಟ್ಯಾಂಕಲ್ಲಿ ದ್ರವ ಹೈಡ್ರೋಜನ್ ಇರೋದು ಸುಮಾರು -253 ಡಿಗ್ರಿಲಿ, ಅದನ್ನ ಹಾಗೇ ತಗೊಂಡೋಗಿ ಎಂಜಿನ್ನಲ್ಲಿ ಉರಿಸಿದ್ರೆ ಫ್ಲೋ ಹಿಡಿತಕ್ಕೆ ಸಿಗಲ್ಲ, ಅದಕ್ಕೇ ಮೊದಲು ಬಿಸಿ ಮಾಡಿ ಗ್ಯಾಸ್ ಮಾಡ್ಬೇಕು. ಬಿಸಿ ಬೇರೆ ಕಡೆ ಹುಡುಕೋದೇ ಬೇಡ, ಟರ್ಬೈನ್ ದಾಟಿ ಹೊರಗೆ ಹೋಗೋ ಎಕ್ಸಾಸ್ಟಲ್ಲಿ ಧಾರಾಳವಾಗಿದೆ, ಅದನ್ನ ಇಂಧನ ಹೀರ್ಕೊಂಡು ವಾಪಸ್ ಎಂಜಿನ್ನಿಗೇ ತಂದ್ರೆ ಅಷ್ಟು ಇಂಧನ ಉಳೀತು. ಈ ಕೆಲಸ ಮಾಡೋ ಪೈಪುಗಳ ಜಾಲನೇ ಹೀಟ್ ಎಕ್ಸ್‌ಚೇಂಜರ್, ಪೈಪಿನೊಳಗೆ ತಣ್ಣನೆ ಹೈಡ್ರೋಜನ್, ಹೊರಗೆ ಬಿಸಿ ಎಕ್ಸಾಸ್ಟ್.

ಕಷ್ಟ ಇರೋದು ಪೈಪಿನ ಹೊರಗಡೆ. ಫ್ರಿಜ್ಜಿಂದ ತೆಗೆದ ಸ್ಟೀಲ್ ಲೋಟದ ಮೈಮೇಲೆ ನೀರು ಹನಿಗಟ್ಟುತ್ತಲ್ಲ, ಇಲ್ಲಿ ಅದೇ ನೀರು ಐಸಾಗಿ ಕೂತ್ಕೊಳ್ಳುತ್ತೆ, ಅದೂ ಹೈಡ್ರೋಜನ್ ಉರಿದ್ರೆ ಬರೋದೇ ನೀರಾವಿ, ಹಾಗಾಗಿ ಎಕ್ಸಾಸ್ಟಲ್ಲಿ ತೇವ ಸೀಮೆಎಣ್ಣೆ ಎಂಜಿನ್ನಿಗಿಂತ ಎಷ್ಟೋ ಜಾಸ್ತಿ. ಪೈಪುಗಳ ಮಧ್ಯದ ಸಂದಿ ಐಸಿಂದ ಕಟ್ಕೊಂಡ್ರೆ ಗಾಳಿ ಹೋಗೋ ದಾರಿನೇ ಬಂದ್. ಗಾಳಿ ತಾಗೋ ಪೈಪಿನ ಗೋಡೆ ಸುಮಾರು -190 ಡಿಗ್ರಿಗಿಂತ ಕೆಳಗಿಳಿದ್ರೆ ಗಾಳಿಯಲ್ಲಿರೋ ಆಕ್ಸಿಜನ್ನೇ ದ್ರವ ಆಗೋಕೆ ಶುರು, ಅದಂತೂ ನಿಜಕ್ಕೂ ಅಪಾಯ.

ಒಂದು ಉಪಾಯ ಅಂದ್ರೆ ತೀರಾ ತಣ್ಣಗಿರೋ ಹೈಡ್ರೋಜನ್ನನ್ನ ಅತಿ ಬಿಸಿ ಗ್ಯಾಸಿನ ಎದುರಿಗೇ ಮೊದಲು ತರೋದು, ಸ್ವಲ್ಪ ಎಫಿಶಿಯೆನ್ಸಿ ಹೋದ್ರೂ ಗೋಡೆ ಬೆಚ್ಚಗಿರುತ್ತೆ. ಇನ್ನೊಂದು, ಮಧ್ಯ ಹೀಲಿಯಂ ಲೂಪ್ ಹಾಕೋದು, ಅಂದ್ರೆ ಮುಚ್ಚಿದ ಪೈಪಲ್ಲಿ ಸುತ್ತೋ ಹೀಲಿಯಂ ಬಿಸಿ ಕಡೆಯಿಂದ ಶಾಖ ಹೀರಿ ಹೈಡ್ರೋಜನ್ನಿಗೆ ಕೊಡುತ್ತೆ, ಬ್ರಿಟನ್ನಿನ ಸೇಬರ್ ಎಂಜಿನ್ ಡಿಸೈನಲ್ಲಿ ಹಿಂಗೇ ಇತ್ತು. ನನಗೆ ಇದೇ ಹೆಚ್ಚು ಸೇಫ್ ಅನ್ಸುತ್ತೆ, ತೂಕ ಜಾಸ್ತಿ ಆಗೋದು ನಿಜ. ಪೈಪಿನೊಳಗಿನ ಹೈಡ್ರೋಜನ್ ಪ್ರೆಶರ್ 13 ಬಾರ್ ಮೇಲಿಟ್ರೆ ಕುದಿಯೋ ತಾಪತ್ರಯನೂ ಇರಲ್ಲ.

ಸೋವಿಯತ್ತಿನ ಟುಪೊಲೆವ್ ಟು-155 1988ರಲ್ಲೇ ಒಂದು ಎಂಜಿನ್ನನ್ನ ದ್ರವ ಹೈಡ್ರೋಜನ್ನಲ್ಲಿ ಓಡಿಸಿ ಹಾರಿದೆ.