ನೋಡಬಹುದಾ ಸಾರ್?

ಓದುಗರ ಸಿನಿಮಾ ಪ್ರಶ್ನೆಗಳಿಗೆ ನಮ್ಮ ವಿಮರ್ಶಕರ ಉತ್ತರ. ಪ್ರಶ್ನೆ ಕೇಳಿದವರ ಊರನ್ನಷ್ಟೇ ಕೊಟ್ಟಿದ್ದೇವೆ.

ಎಲ್ಲರೂ ಐದಕ್ಕೆ ಇಷ್ಟು ಸ್ಟಾರ್ ಅಂತ ಕೊಡುತ್ತಾರೆ. ನೀವು ಯಾಕೆ ಕೊಡುವುದಿಲ್ಲ? ನಮಗೂ ಸುಲಭವಾಗುತ್ತಿತ್ತಲ್ಲ. (ದಾವಣಗೆರೆ)

ಸ್ಟಾರ್ ನೋಡಿದರೆ ಟಿಕೆಟ್ ತೆಗೆಯಬೇಕೋ ಬೇಡವೋ ಎಂಬುದು ಗೊತ್ತಾಗುತ್ತದೆ, ಯಾಕೆ ಎಂಬುದು ಗೊತ್ತಾಗುವುದಿಲ್ಲ. ಮೂರೂವರೆ ಸ್ಟಾರಿನ ಒಂದು ಚಿತ್ರ ನಿಮ್ಮನ್ನು ಅಳಿಸಬಹುದು, ಮೂರೂವರೆಯದೇ ಇನ್ನೊಂದು ಚಿತ್ರದಲ್ಲಿ ನೀವು ಇಂಟರ್‌ವಲ್‌ಗೇ ಎದ್ದು ಬರಬಹುದು. ಯಾವ ಸಿನಿಮಾಕ್ಕೆ ಕೂತರೂ ನಾನು ಮೊದಲು ನೋಡುವುದು ಇಷ್ಟು: ಇವರು ಯಾವ ಊರಿನವರು, ಹೊಟ್ಟೆಪಾಡಿಗೆ ಏನು ಮಾಡುತ್ತಾರೆ, ಆಡುವ ಮಾತು ಆ ಊರಿನದೇನಾ. ಇದು ಸರಿಯಿದ್ದರೆ ಕಥೆ ಅಲ್ಲಲ್ಲಿ ಸಡಿಲವಾದರೂ ಕೂತು ನೋಡುತ್ತೇನೆ. ಇದೇ ಇಲ್ಲದಿದ್ದರೆ ಎಷ್ಟು ಕೋಟಿ ಸುರಿದರೂ ಆ ಜನ ನನಗೆ ಯಾರೋ ಏನೋ.

‘ತಿಥಿ’ಯನ್ನು ಎಲ್ಲರೂ ಹೊಗಳುತ್ತಾರೆ. ನಮ್ಮ ಕಡೆಯವರನ್ನು ಬೈದಾಡುವವರು, ಕುಡುಕರು ಅಂತ ತೋರಿಸಿದ್ದು ಸರಿಯಾ ಸಾರ್? (ಮಂಡ್ಯ)

ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಹಳ್ಳಿಯವರನ್ನು ಪೆದ್ದರನ್ನಾಗಿ ತೋರಿಸಿ ನಗಿಸಿದ ಸಿನಿಮಾಗಳು ನಮ್ಮಲ್ಲಿ ಕಡಿಮೆಯೇನಲ್ಲ. ಆದರೆ ‘ತಿಥಿ’ ಆ ಸಾಲಿನದಲ್ಲ, ದಯವಿಟ್ಟು ಇನ್ನೊಂದು ಸಲ ನೋಡಿ. ಶುರುವಿನಲ್ಲಿ ಸೆಂಚುರಿ ಗೌಡ ಬೀದಿಯಲ್ಲಿ ಕೂತು ಹೋಗಿ ಬರುವವರನ್ನೆಲ್ಲ ಬಾಯಿಗೆ ಬಂದಂತೆ ಬೈಯುತ್ತಾನೆ, ಎದ್ದು ಹೋಗುತ್ತಾನೆ, ದಾರಿಯಲ್ಲೇ ಕುಸಿದು ಸಾಯುತ್ತಾನೆ. ನೂರು ದಾಟಿದ ಅಜ್ಜನ ಬೈಗುಳವನ್ನು ಮನಸ್ಸಿಗೆ ಹಚ್ಚಿಕೊಳ್ಳದ ಊರು ಅದು. ಆ ಸಲುಗೆಯನ್ನು ಹೊರಗಿನವರು ಕೂತು ಬರೆಯುವುದು ಕಷ್ಟ. ಚಿತ್ರಕಥೆಯಲ್ಲಿ ನಿರ್ದೇಶಕ ರಾಮ್ ರೆಡ್ಡಿ ಅವರ ಜತೆಗಿದ್ದ ಈರೇಗೌಡರು ಮಂಡ್ಯ ಕಡೆಯ ನೊದೆಕೊಪ್ಪಲಿನವರೇ, ಚಿತ್ರೀಕರಣ ನಡೆದದ್ದೂ ಆ ಕಡೆಯೇ, ನಟಿಸಿದವರು ಅಲ್ಲಿನ ಜನ.

ಇನ್ನು ಸೆಂಚುರಿ ಗೌಡನ ಮಗ ಗಡ್ಡಪ್ಪ. ಅವನ ಕೈಯಲ್ಲಿ ಬಾಟಲಿ ಇದೆ, ನಿಜ. ಮಗ ತಮ್ಮಣ್ಣ ಜಮೀನು ಮಾರುವ ಅವಸರದಲ್ಲಿ ಬದುಕಿರುವ ಅಪ್ಪನ ಸಾವಿನ ಸರ್ಟಿಫಿಕೇಟ್ ಮಾಡಿಸಲು ಓಡಾಡುತ್ತಾನೆ. ಅಪ್ಪನಿಗೆ ಅದರ ಗೊಡವೆಯೇ ಇಲ್ಲ, ನಡೆಯುತ್ತಾ ಇರುತ್ತಾನೆ. ಯಾಕೆ ಹೀಗೆ ಎಂಬುದಕ್ಕೆ ಕುರಿಗಾಹಿಗಳ ಬಿಡಾರದಲ್ಲಿ ಅವನು ತನ್ನ ಬದುಕಿನ ಕಥೆ ಹೇಳುವ ದೃಶ್ಯದಲ್ಲಿ ಉತ್ತರ ಸಿಗುತ್ತದೆ. ಹಿನ್ನೆಲೆ ಸಂಗೀತವಿಲ್ಲ, ಕಣ್ಣೀರಿಲ್ಲ, ಒಂದೇ ದನಿಯಲ್ಲಿ ಹೇಳುತ್ತಾ ಹೋಗುತ್ತಾನೆ. ಅದನ್ನು ಕೇಳಿದ ಮೇಲೆ ಅವನನ್ನು ಕುಡುಕ ಎಂದು ಕರೆಯಲು ನನಗಂತೂ ನಾಲಿಗೆ ಏಳಲಿಲ್ಲ. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಬಹುಮಾನ ಬಂತು ಎಂಬುದು ಆಮೇಲಿನ ಮಾತು. ಮಂಡ್ಯದ ಮಾತಿನ ಲಯ ಇಷ್ಟು ನಿಖರವಾಗಿ ತೆರೆಯ ಮೇಲೆ ಬಂದಿದ್ದನ್ನು ನಾನು ಬೇರೆ ಕಡೆ ಕಂಡಿಲ್ಲ.

ನಮ್ಮ ಊರಿನ ಹೆಸರಿನಲ್ಲೇ ಸಿನಿಮಾ ಬಂತು, ದೇಶವೆಲ್ಲಾ ನೋಡಿತು. ನಮ್ಮ ತಾತ ಗಣಿಗೆ ಇಳಿದು ದುಡಿದವರು. ಅವರ ಕಥೆ ಅದರಲ್ಲಿ ಎಲ್ಲಿದೆ? (ಕೆಜಿಎಫ್)

ಇಲ್ಲ. ‘ಕೆಜಿಎಫ್’ನ ಎರಡೂ ಭಾಗಗಳ ಕುಶಲತೆಯನ್ನು ನಾನು ಮನಸಾರೆ ಒಪ್ಪುತ್ತೇನೆ. ಭುವನ್ ಗೌಡರ ಕ್ಯಾಮೆರಾ, ರವಿ ಬಸ್ರೂರರ ಸಂಗೀತ, ಚೂರುಚೂರು ದೃಶ್ಯಗಳನ್ನು ಜೋಡಿಸಿ ಎದೆಬಡಿತ ಏರಿಸುವ ಸಂಕಲನ, ಎಲ್ಲವೂ ಗಟ್ಟಿ ಕೆಲಸ. ಆದರೆ ಆ ಹೆಸರನ್ನು ತೆಗೆದುಕೊಂಡ ಮೇಲೆ ಆ ಊರಿನ ಋಣ ಸ್ವಲ್ಪವಾದರೂ ತೀರಿಸಬೇಕಿತ್ತು.

ಚಾಂಪಿಯನ್ ರೀಫ್ ಗಣಿ ನೆಲದಡಿ ಮೂರು ಕಿಲೋಮೀಟರಿಗೂ ಆಳ. ಆ ಕಾವಿನಲ್ಲಿ, ಬಂಡೆ ಸಿಡಿಯುವ ಭಯದಲ್ಲಿ, ಶ್ವಾಸಕೋಶಕ್ಕೆ ಕಲ್ಲಿನ ಧೂಳು ತುಂಬಿಕೊಂಡು ದುಡಿದವರಲ್ಲಿ ಹೆಚ್ಚಿನವರು ತಮಿಳು ಮಾತಾಡುವ ದಲಿತ ಕಾರ್ಮಿಕರು. 2001ರಲ್ಲಿ ಗಣಿ ಮುಚ್ಚಿದ ಮೇಲೆ ಅದೇ ಜನ ಮುಂಜಾನೆ ರೈಲು ಹಿಡಿದು ಬೆಂಗಳೂರಿಗೆ ಕೂಲಿಗೆ ಹೊರಟರು. ಚಿತ್ರೀಕರಣ ನಡೆದ ಸೈನೈಡ್ ಗುಡ್ಡಗಳು ಚಿನ್ನ ತೆಗೆದು ಉಳಿದ ಮಣ್ಣಿನ ರಾಶಿಗಳು. ಗಾಳಿ ಬೀಸಿದಾಗ ಆ ಧೂಳು ಎಲ್ಲಿಗೆ ಬರುತ್ತದೆ ಎಂದು ನಿಮಗೆ ನಾನು ಹೇಳಬೇಕಿಲ್ಲ. ಸಿನಿಮಾದಲ್ಲಿ ಅದು ನಾಯಕ ನಡೆದು ಬರುವ ಹಿನ್ನೆಲೆ, ಅಷ್ಟೇ. ಗಣಿಯವರು ಗುಂಪಾಗಿ ಬರುತ್ತಾರೆ, ಏಟು ತಿನ್ನುತ್ತಾರೆ, ಜೈಕಾರ ಹಾಕುತ್ತಾರೆ. ಒಬ್ಬ ಗಣಿ ಕಾರ್ಮಿಕನ ಒಂದು ಪಾಳಿಯನ್ನು ಪೂರ್ತಿಯಾಗಿ ತೋರಿಸುವ ಕನ್ನಡ ಸಿನಿಮಾ ಇನ್ನೂ ಬರಬೇಕಾಗಿದೆ. ನಿಮ್ಮ ತಾತನ ಮಾತುಗಳು ಮನೆಯಲ್ಲಿ ಯಾರ ನೆನಪಿನಲ್ಲಾದರೂ ಇದ್ದರೆ ಫೋನಿನಲ್ಲಿ ರೆಕಾರ್ಡ್ ಮಾಡಿಡಿ, ಬರೆದಿಡಿ.

ಮಗಳಿಗೆ ಒಂಬತ್ತು ವರ್ಷ. ಕನ್ನಡ ಅರ್ಧಂಬರ್ಧ. ಯಾವ ಕನ್ನಡ ಸಿನಿಮಾ ಹಾಕಿದರೂ ಹತ್ತು ನಿಮಿಷಕ್ಕೆ ಎದ್ದು ಹೋಗುತ್ತಾಳೆ. (ನ್ಯೂಜೆರ್ಸಿ)

‘ಪುಷ್ಪಕ ವಿಮಾನ’ (1987) ಹಾಕಿ ಮೇಡಂ. ಮಾತೇ ಇಲ್ಲ. ಸಿಂಗೀತಂ ಶ್ರೀನಿವಾಸ ರಾವ್ ನಿರ್ದೇಶನ, ಶೃಂಗಾರ್ ನಾಗರಾಜ್ ನಿರ್ಮಾಣ, ಬೆಂಗಳೂರಿನಲ್ಲೇ ತೆಗೆದದ್ದು. ಕೆಲಸವಿಲ್ಲದ ಹುಡುಗ ಕಮಲ್ ಹಾಸನ್ ದೊಡ್ಡ ಹೋಟೆಲಿನ ಕೋಣೆ ಸೇರುತ್ತಾನೆ. ಮೆತ್ತನೆ ಹಾಸಿಗೆ ಸಿಕ್ಕಿದೆ, ಆದರೆ ನಿದ್ದೆ ಬರುವುದಿಲ್ಲ, ಅಷ್ಟು ನಿಶ್ಶಬ್ದ. ಕೊನೆಗೆ ತನ್ನ ಹಳೆಯ ವಠಾರದ ಗಲಾಟೆಯನ್ನು ಟೇಪಿನಲ್ಲಿ ಹಿಡಿದು ತಂದು, ಅದನ್ನು ಹಾಕಿಕೊಂಡು ನೆಮ್ಮದಿಯಾಗಿ ಮಲಗುತ್ತಾನೆ. ಬಡತನದ ಬಗ್ಗೆ ಒಂದು ಮಾತೂ ಆಡದೆ ಇಷ್ಟು ಹೇಳಿದ್ದಾರೆ. ಮಂಜುಗಡ್ಡೆಯ ಚೂರಿ ಹಿಡಿದು ಬರುವ ಟಿನ್ನು ಆನಂದ್‌ರನ್ನು ಕಂಡರೆ ನಿಮ್ಮ ಮಗಳು ಕೂತಲ್ಲಿಂದ ಏಳುವುದಿಲ್ಲ.

ಅದು ಹಿಡಿಸಿದರೆ ಮುಂದೆ ರಿಷಬ್ ಶೆಟ್ಟರ ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಕಾಸರಗೋಡು’ (2018). ಕನ್ನಡ ಶಾಲೆ ಉಳಿಸಲು ಮಕ್ಕಳು ಹೋರಾಡುವ ಕಥೆ. ದ್ವಿತೀಯಾರ್ಧ ಸ್ವಲ್ಪ ಎಳೆದಿದೆ, ಆದರೂ ನಿಮ್ಮ ಮನೆಗೆ ಬೇಕಾದ ಸಿನಿಮಾ.

‘ಘಟಶ್ರಾದ್ಧ’ವನ್ನು ಯೂಟ್ಯೂಬಿನಲ್ಲಿ ನೋಡಿದೆ. ಬರೀ ಮಸುಕು, ಮಾತೂ ಸರಿಯಾಗಿ ಕೇಳಲಿಲ್ಲ. ಅದಕ್ಕೇಕೆ ಶ್ರೇಷ್ಠ ಚಿತ್ರದ ಸ್ವರ್ಣಕಮಲ? (ತೀರ್ಥಹಳ್ಳಿ)

ನೀವು ನೋಡಿದ್ದು ‘ಘಟಶ್ರಾದ್ಧ’ವನ್ನಲ್ಲ, ಅದರ ಸವೆದ ನಕಲನ್ನು. ನಮ್ಮ ಒಳ್ಳೆಯ ಚಿತ್ರಗಳ ಬಗ್ಗೆ ‘ಬೋರು’ ಎಂಬ ಮಾತು ಹುಟ್ಟುವುದರಲ್ಲಿ ಅರ್ಧ ಪಾಲು ಈ ಕೆಟ್ಟ ಪ್ರಿಂಟುಗಳದು ಎಂದು ನಾನು ಬಹಳ ದಿನದಿಂದ ಹೇಳುತ್ತಾ ಬಂದಿದ್ದೇನೆ. 1977ರ ಈ ಕಪ್ಪು ಬಿಳುಪು ಚಿತ್ರಕ್ಕೆ ಎಸ್. ರಾಮಚಂದ್ರ ಅವರ ಕ್ಯಾಮೆರಾ. ಮಲೆನಾಡಿನ ಮನೆಯ ಒಳಗತ್ತಲೆಯೇ ಅದರ ಭಾಷೆ. ಆ ಕತ್ತಲೆಯಲ್ಲಿ ಮುಖ ಎಷ್ಟು ಕಾಣಬೇಕು, ಎಷ್ಟು ಕಾಣಬಾರದು ಎಂದು ಅಳೆದು ಬೆಳಕು ಮಾಡಿದ್ದಾರೆ. ನಕಲಿನಲ್ಲಿ ಎಲ್ಲವೂ ಬೂದಿ ಬಣ್ಣಕ್ಕೆ ತಿರುಗಿದರೆ ಉಳಿಯುವುದೇನು?

ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮುತುವರ್ಜಿಯಿಂದ ಅದು 4ಕೆಯಲ್ಲಿ ಮರುಜೀವ ಪಡೆದು 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆಕಂಡಿತು. ಆ ಪ್ರತಿ ನಿಮ್ಮ ಹತ್ತಿರದ ಯಾವ ಚಿತ್ರೋತ್ಸವಕ್ಕೆ ಬಂದರೂ ಬಸ್ ಹತ್ತಿ ಹೋಗಿ. ವೇದ ಕಲಿಯಲು ಬಂದ ಪುಟ್ಟ ನಾಣಿಯ ಕಣ್ಣಿನಿಂದಲೇ ಇಡೀ ಕಥೆ. ಗುರುಗಳ ವಿಧವೆ ಮಗಳು ಯಮುನಕ್ಕನಿಗೆ ಏನಾಗುತ್ತಿದೆ ಎಂದು ಅವನಿಗೆ ತಿಳಿಯದು, ನಮಗೆ ತಿಳಿಯುತ್ತದೆ, ಆ ಅಂತರದಲ್ಲೇ ಹೊಟ್ಟೆ ಕಿವುಚುತ್ತದೆ. ಈ ತಮ್ಮ ಮೊದಲ ಸಿನಿಮಾ ತೆಗೆದಾಗ ಗಿರೀಶ ಕಾಸರವಳ್ಳಿ ಅವರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ.

ಇದರ ಜತೆಗೆ ಪ್ರೇಮಾ ಕಾರಂತರ ‘ಫಣಿಯಮ್ಮ’ (1983) ನೋಡಲೇಬೇಕು. ಎಂ.ಕೆ. ಇಂದಿರಾ ಅವರ ಕಾದಂಬರಿ, ಎಲ್.ವಿ. ಶಾರದಾ ಅವರ ಅಭಿನಯ. ‘ಘಟಶ್ರಾದ್ಧ’ದಲ್ಲಿ ಊರೆಲ್ಲಾ ಸೇರಿ ಒಬ್ಬ ಹೆಣ್ಣನ್ನು ಹೊರಗೆ ಹಾಕುತ್ತದೆ. ‘ಫಣಿಯಮ್ಮ’ದಲ್ಲಿ ಬಾಲ್ಯದಲ್ಲೇ ವಿಧವೆಯಾಗಿ ಎಲ್ಲವನ್ನೂ ಅನುಭವಿಸಿದ ಅಜ್ಜಿ, ತಲೆ ಬೋಳಿಸಿಕೊಳ್ಳಲು ಒಪ್ಪದ ಹುಡುಗಿಯ ಬೆನ್ನಿಗೆ ನಿಲ್ಲುತ್ತಾಳೆ. ಒಂದರ ನಂತರ ಇನ್ನೊಂದು ನೋಡಿದರೆ ಎರಡೂ ಇನ್ನಷ್ಟು ದೊಡ್ಡದಾಗುತ್ತವೆ.

ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನಾ’ ಹೇಗಿದೆ? (ಮೈಸೂರು)

ಯಾರೂ ಹೇಳಲಾರರು. 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡ ಚಿತ್ರ. ವೈ.ವಿ. ರಾವ್ ನಿರ್ದೇಶನ, ಸುಬ್ಬಯ್ಯ ನಾಯ್ಡು ಮತ್ತು ತ್ರಿಪುರಾಂಬ ಮುಖ್ಯ ಪಾತ್ರದಲ್ಲಿ, ಚಿತ್ರೀಕರಣ ಕೊಲ್ಹಾಪುರದಲ್ಲಿ. ಅದರ ಒಂದು ಪ್ರಿಂಟೂ ಉಳಿದಿಲ್ಲ. ನಮ್ಮ ಭಾಷೆ ತೆರೆಯ ಮೇಲೆ ಮೊದಲು ಹೇಗೆ ಮಾತಾಡಿತು ಎಂಬುದನ್ನು ನಾವು ಕಳೆದುಕೊಂಡಿದ್ದೇವೆ. ಹಿಂದಿನ ಪ್ರಶ್ನೆಗೆ ಅಷ್ಟು ಉದ್ದ ಬರೆದದ್ದು ಇದೇ ಸಂಕಟಕ್ಕೆ.

‘ನಾಗರಹಾವು’ ಚಾಮಯ್ಯ ಮೇಷ್ಟ್ರು ಅಂದರೆ ನಮ್ಮ ಮನೆಯಲ್ಲಿ ದೇವರು. ಶಿಷ್ಯನ ಪ್ರೀತಿ ಮುರಿಯುವ ಮೇಷ್ಟ್ರು ಹೇಗೆ ದೊಡ್ಡವರು ಎಂದು ಮಗ ಕೇಳುತ್ತಾನೆ. (ಚಿತ್ರದುರ್ಗ)

ನಿಮ್ಮ ಮಗ ಸರಿಯಾಗಿಯೇ ಕೇಳಿದ್ದಾನೆ. ಪುಟ್ಟಣ್ಣನವರೂ 1972ರಲ್ಲಿ ಅದನ್ನೇ ಕೇಳಿದ್ದರು. ಗುರುಗಳ ಮಾತು ಮೀರಲಾಗದೆ ರಾಮಾಚಾರಿ ಅಲಮೇಲುವನ್ನು ಬಿಟ್ಟುಕೊಡುತ್ತಾನೆ. ಆಮೇಲೆ ಅವಳ ಬದುಕು ಯಾವ ಗತಿಗೆ ಇಳಿಯಿತು ಎಂಬುದನ್ನು ಸಿನಿಮಾ ಮುಚ್ಚಿಡುವುದಿಲ್ಲ, ರಾಮಾಚಾರಿಯ ಕಣ್ಣೆದುರೇ ತಂದು ನಿಲ್ಲಿಸುತ್ತದೆ. ಎರಡನೇ ಸಲ ಮಾರ್ಗರೆಟ್ ವಿಷಯದಲ್ಲಿ ಮೇಷ್ಟ್ರು ಅಡ್ಡ ಬಂದಾಗ ಆ ಹಳೆಯ ಗಾಯವೇ ಬಾಯಿ ತೆರೆಯುತ್ತದೆ. ಅಶ್ವತ್ಥರು ಆ ಪಾತ್ರವನ್ನು ಎಷ್ಟು ಅಕ್ಕರೆಯಿಂದ ಮಾಡಿದ್ದಾರೆಂದರೆ ನಾವು ಅವರ ತಪ್ಪನ್ನೇ ಮರೆತುಬಿಡುತ್ತೇವೆ. ಪ್ರೀತಿಸುವವರಿಂದಲೇ ಇಂಥ ಅನ್ಯಾಯ ಆಗುತ್ತದೆ ಎಂಬುದೇ ಆ ಚಿತ್ರದ ಬಲ. ಅಪ್ಪ ಮಗ ಒಟ್ಟಿಗೆ ಕೂತು ನೋಡಿ, ಆಮೇಲೆ ಕೋಟೆ ಹತ್ತಿಕೊಂಡು ಜಗಳವಾಡಿ.

‘ಕಾಂತಾರ’ದ ಬಗ್ಗೆ ನಿಮಗೆ ಏನೋ ಅಸಮಾಧಾನ ಇದೆಯಂತೆ? (ಮಂಗಳೂರು)

ಇದೆ, ಮೆಚ್ಚುಗೆಯೂ ಇದೆ. ಕೊನೆಯ ಭಾಗದಲ್ಲಿ ರಿಷಬ್ ಶೆಟ್ಟರು ಮೈಮೇಲೆ ಬಂದವರಂತೆ ನಟಿಸಿದ್ದಾರೆ. 2022ರ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿ ನ್ಯಾಯವಾಗಿಯೇ ಬಂದಿದೆ. ಕಾಡಿನ ಜನ, ಅರಣ್ಯ ಇಲಾಖೆ, ಊರ ಧಣಿ ಈ ಮೂವರ ನಡುವೆ ನೆಲ ಯಾರದು ಎಂಬ ಜಗಳ ನಮ್ಮ ಕರಾವಳಿಯದೇ, ಎರವಲು ತಂದದ್ದಲ್ಲ. ಆದರೆ ಲೀಲಾಳ ಸೊಂಟ ಚಿವುಟುವ ನಾಯಕನನ್ನು ಕಂಡು ಥಿಯೇಟರ್ ನಕ್ಕಿತಲ್ಲ, ಅಲ್ಲಿ ನನಗೆ ನೋವಾಯಿತು. ಸ್ವಂತ ದುಡಿಮೆ ಇರುವ, ಬಾಯಿ ಇರುವ ಹೆಣ್ಣು ಅವಳು. ಅವಳಿಗೆ ಅಷ್ಟು ಮರ್ಯಾದೆ ಕೊಟ್ಟಿದ್ದರೆ ದೈವದ ನ್ಯಾಯಕ್ಕೆ ಇನ್ನೂ ತೂಕ ಬರುತ್ತಿತ್ತು.

ಒಳ್ಳೆಯ ಸಿನಿಮಾ ಬೇಕೆಂದರೆ ಮಲಯಾಳಂ ನೋಡಬೇಕು. ಕನ್ನಡದಲ್ಲಿ ಬರುವುದೇ ಇಲ್ಲ. (ಬೆಳಗಾವಿ)

ಬರುತ್ತದೆ. ‘ಶಿವಮ್ಮ ಯರೇಹಂಚಿನಾಳ’ ನೋಡಿದ್ದೀರಾ? ಕೊಪ್ಪಳ ಜಿಲ್ಲೆಯ ಹಳ್ಳಿ, ಅಲ್ಲಿನದೇ ಮಾತು. ಹಾಸಿಗೆ ಹಿಡಿದ ಗಂಡ, ಮದುವೆಗೆ ಬಂದ ಮಗಳು, ಇಂಥ ಹೊತ್ತಿನಲ್ಲಿ ಶಕ್ತಿವರ್ಧಕ ಪಾನೀಯ ಮಾರುವ ಚೈನ್ ವ್ಯವಹಾರಕ್ಕೆ ಕೂಡಿಟ್ಟ ದುಡ್ಡು ಹಾಕುವ ಹೆಂಗಸು. ನಿರ್ದೇಶಕ ಜೈಶಂಕರ್ ಆರ್ಯರ್ ಅವಳನ್ನು ಮೂರ್ಖಳೆಂದು ನಗುವುದಿಲ್ಲ, ಪಾಪ ಎಂದು ಕನಿಕರಿಸುವುದೂ ಇಲ್ಲ. 2022ರಲ್ಲಿ ಬೂಸಾನ್ ಚಿತ್ರೋತ್ಸವದಲ್ಲಿ ಪ್ರಶಸ್ತಿ ಗೆದ್ದ ಈ ಚಿತ್ರ 2024ರಲ್ಲಿ ಥಿಯೇಟರಿಗೆ ಬಂದಾಗ ಬಹಳ ಮಂದಿಗೆ ಸುದ್ದಿಯೇ ತಲುಪಲಿಲ್ಲ. ನಟೇಶ್ ಹೆಗಡೆಯವರ ‘ಪೆದ್ರೊ’ವನ್ನೂ ಹುಡುಕಿ ನೋಡಿ. ನಮ್ಮ ಚಿತ್ರಗಳಿಗೆ ಸಿಗುವುದು ಬೆಳಗ್ಗೆ ಹತ್ತೂವರೆಯ ಒಂದು ಆಟ. ಮೊದಲ ವಾರ ನೀವು ಹೋಗದಿದ್ದರೆ ಎರಡನೇ ವಾರ ಆ ಆಟವೂ ಇರುವುದಿಲ್ಲ.

‘ಆಕ್ಸಿಡೆಂಟ್’? (ತುಮಕೂರು)

ಶಂಕರ್ ನಾಗ್ 1985ರಲ್ಲಿ ಹಾಡಿಲ್ಲದೆ ತೆಗೆದ ಚಿತ್ರ. ಫುಟ್‌ಪಾತಿನಲ್ಲಿ ಮಲಗಿದವರ ಮೇಲೆ ದೊಡ್ಡವರ ಮಗನ ಕಾರು ಹರಿಯುತ್ತದೆ, ಅಪ್ಪನ ಅಧಿಕಾರ ಅದನ್ನು ಮುಚ್ಚಿಹಾಕಲು ಓಡುತ್ತದೆ. ಇವತ್ತಿನ ಪೇಪರು ಓದಿದಂತಿದೆ. ತಪ್ಪದೆ ನೋಡಿ.

‘ಮುಂಗಾರು ಮಳೆ’ ಈಗ ನೋಡಿದರೆ? (ಸಕಲೇಶಪುರ)

ಮಳೆಯೂ ಜಯಂತ ಕಾಯ್ಕಿಣಿಯವರ ಸಾಲುಗಳೂ ಮಾಸಿಲ್ಲ. ಹುಡುಗಿಯನ್ನು ಬಿಟ್ಟುಕೊಡುವ ತೀರ್ಮಾನವನ್ನು ಅವಳನ್ನು ಕೇಳದೆ ಮಾಡಿದ್ದು ಈಗ ಹೆಚ್ಚು ಚುಚ್ಚುತ್ತದೆ.

‘ಸು ಫ್ರಮ್ ಸೋ’ ಮನೆಮಂದಿಯೆಲ್ಲಾ ನೋಡಬಹುದಾ? (ಉಡುಪಿ)

ಖಂಡಿತ. ಊರವರೆಲ್ಲಾ ಒಬ್ಬರ ಮೇಲೊಬ್ಬರು ಬಿದ್ದು ಮಾತಾಡುವ ಆ ಗಲಾಟೆಯನ್ನು ಜೆ.ಪಿ. ತುಮಿನಾಡ್ ಚೆನ್ನಾಗಿ ಹಿಡಿದಿದ್ದಾರೆ. ಕೊನೆಯಲ್ಲಿ ಒಬ್ಬ ಹೆಣ್ಣಿನ ಕಷ್ಟಕ್ಕೆ ಕಥೆ ತಿರುಗುವಾಗಲೂ ಎಡವಿಲ್ಲ.

ಅಪ್ಪ ನಿವೃತ್ತರಾಗಿ ಪಿಂಚಣಿಗಾಗಿ ಕಚೇರಿ ಅಲೆಯುತ್ತಿದ್ದಾರೆ. ‘ತಬರನ ಕಥೆ’ ತೋರಿಸಬಹುದಾ? (ಹಾಸನ)

ಈಗ ಬೇಡ. ಪಿಂಚಣಿ ಬಂದ ಮೇಲೆ ತೋರಿಸಿ. ಹೆಂಡತಿಯ ಕೊಳೆಯುತ್ತಿರುವ ಕಾಲಿನ ಚಿಕಿತ್ಸೆಗೆ ದುಡ್ಡಿಲ್ಲದೆ, ಕಡತ ಮುಂದೆ ಸರಿಯದೆ ಅಲೆಯುವ ತಬರನಾಗಿ ಚಾರುಹಾಸನ್ ಅವರನ್ನು ನೋಡುವುದು ನೆಮ್ಮದಿಯಲ್ಲಿರುವವರಿಗೇ ಕಷ್ಟ. ತೇಜಸ್ವಿಯವರ ಕಥೆಯನ್ನು ಕಾಸರವಳ್ಳಿ ಒಂದು ಚೂರೂ ಸಿಹಿ ಮಾಡದೆ ತೆಗೆದಿದ್ದಾರೆ. ಚಾರುಹಾಸನ್ ಅವರಿಗೆ ರಾಷ್ಟ್ರಪ್ರಶಸ್ತಿಯೂ ಬಂತು. ನೀವು ಮಾತ್ರ ಇವತ್ತೇ ನೋಡಿ, ನಾಳೆ ಅಪ್ಪನ ಜತೆ ಕಚೇರಿಗೆ ಹೋಗಿ.

‘ಸಪ್ತ ಸಾಗರದಾಚೆ ಎಲ್ಲೋ’ ಎರಡೂ ಭಾಗ ನೋಡಬೇಕಾ? (ಬೆಂಗಳೂರು)

ಮೊದಲ ಭಾಗ ಸೈಡ್ ಎ ನೋಡಲೇಬೇಕು. ಡ್ರೈವರ್ ಕೆಲಸದ ಹುಡುಗ ಸ್ವಂತ ಮನೆಯ ಆಸೆಗೆ ಮಾಲೀಕರ ಮನೆಯವರ ಅಪರಾಧವನ್ನು ತಲೆ ಮೇಲೆ ಹೊತ್ತು ಜೈಲು ಸೇರುತ್ತಾನೆ. ಬಾಡಿಗೆ ಮನೆಯಲ್ಲಿ ಬದುಕಿದವರಿಗೆ ಆ ಆಸೆ ಎಂಥದ್ದು ಎಂದು ಗೊತ್ತು. ಅವನ ಹುಡುಗಿ ಪ್ರಿಯಾ ಕ್ಯಾಸೆಟ್ಟಿನಲ್ಲಿ ತುಂಬಿ ಕಳಿಸಿದ ದನಿಯನ್ನು ಅವನು ಒಳಗೆ ಕೂತು ಕೇಳುವಾಗ ರುಕ್ಮಿಣಿ ವಸಂತ್ ಬರೀ ದನಿಯಲ್ಲೇ ತೆರೆ ತುಂಬುತ್ತಾರೆ. ಸೈಡ್ ಬಿಯಲ್ಲಿ ಹೇಮಂತ್ ರಾವ್ ಆ ನೋವನ್ನು ಸೇಡಿನ ಕಡೆಗೆ ತಿರುಗಿಸಿದ್ದಾರೆ, ಹೊಡೆದಾಟ ಹೆಚ್ಚಾಗಿ ಪ್ರಿಯಾ ದೂರವಾಗುತ್ತಾಳೆ. ಚೈತ್ರಾ ಆಚಾರ್ ಇರುವ ದೃಶ್ಯಗಳಿಗಾಗಿ ನೋಡಿ, ಆದರೆ ಎರಡನ್ನೂ ಒಂದೇ ದಿನ ಬೇಡ.